ಇವತ್ತು ಯಾರ ಪಾಳಿ: ಜೆರಾಕ್ಸ್ ಅಂಗಡಿಲಿ ಸಿಕ್ಕಿದ 20 ರೂಪಾಯಿ ಮ್ಯಾಗಝೀನ್ ಬಗ್ಗೆ

ನಮ್ಮ ಕೊಡಗಿನ ಗೋಣಿಕೊಪ್ಪಕ್ಕೆ ಹೋಗಿದ್ದು ಪಹಣಿ ಜೆರಾಕ್ಸ್ ಮಾಡ್ಸೋಕೆ, ತಂದಿದ್ದು ಇದು. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ನಿಮ್ಗೆ ಗೊತ್ತಲ್ಲ, ಕೊಡೆ ಹಿಡ್ಕೊಂಡ್ರೂ ಸೊಂಟದಿಂದ ಕೆಳಗೆ ಪೂರ್ತಿ ಒದ್ದೆ, ಅಂಗಡಿಗೆ ಕಾಲಿಟ್ಟ ತಕ್ಷಣ ಕರೆಂಟ್ ಹೋಯ್ತು, ಇನ್ವರ್ಟರಲ್ಲಿ ಲೈಟ್ ಉರಿಯುತ್ತೆ ಆದ್ರೆ ಜೆರಾಕ್ಸ್ ಮಷೀನ್ ಓಡಲ್ಲ, ಹಂಗಾಗಿ ಮುಕ್ಕಾಲು ಗಂಟೆ ಸುಮ್ನೆ ನಿಂತಿದ್ದೆ. ಕೌಂಟರ್ ಮೇಲೆ ಲ್ಯಾಮಿನೇಷನ್ ಕವರ್ ಪಕ್ಕ ಒಂದು ಹಾರ್ಲಿಕ್ಸ್ ಬಾಟ್ಲಿ, ಅದಕ್ಕೆ ಒರಗಿಸಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಪುಸ್ತಕ, ಮೇಲೆ ನೋಟ್‌ಬುಕ್ ಹಾಳೆ ಅಂಟ್ಸಿ "20 ರೂ. ಬಾಟ್ಲಿಗೆ ಹಾಕಿ, ಚಿಲ್ಲರೆ ನೀವೇ ತಗೊಳ್ಳಿ" ಅಂತ ಬರ್ದಿದ್ರು. ಮಾರೋರು ಯಾರೂ ಇಲ್ಲ. ಕವರ್ ಪೇಜಲ್ಲಿ ಒಂದು ಪೊರಕೆ, ಪೆನ್ನಲ್ಲಿ ಒಂದೊಂದೇ ಕಡ್ಡಿ ಎಳೆದು ಬಿಡಿಸಿದ್ದು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಇವತ್ತು ಯಾರ ಪಾಳಿ?". ಪಂಚಾಯ್ತಿಯವರು ಸ್ವಚ್ಛತೆ ಬಗ್ಗೆ ಮಾಡ್ಸಿರೋ ಪುಸ್ತಕ ಇರ್ಬೇಕು ಅನ್ಕೊಂಡೆ ನಾನು.

ಅಲ್ಲ ಮಾರಾಯ್ರೆ. ಇಲ್ಲೇ ಹತ್ತಿರದ ಒಂದು ಹೈಸ್ಕೂಲಿನ ಒಂಬತ್ತನೇ ಕ್ಲಾಸಿನ ಮಕ್ಕಳು, ಹುಡುಗೀರೇ ಜಾಸ್ತಿ, ಎರಡು ಮೂರು ಹುಡುಗ್ರೂ ಇದಾರಂತೆ, ತಾವೇ ಬರ್ದು ತಾವೇ ಚಿತ್ರ ಹಾಕಿ ತಾವೇ ದುಡ್ಡು ಒಟ್ಟು ಮಾಡಿ ತಂದಿರೋ ಮ್ಯಾಗಝೀನು. ಶಾಲೇಲಿ ಹುಡುಗನಿಗೊಂದು ನ್ಯಾಯ ಹುಡುಗಿಗೊಂದು ನ್ಯಾಯ ಅಂತ ನಡಿಯೋದನ್ನೆಲ್ಲ ಬರ್ದಿದಾರೆ. ಶಾಲೆ ಹೆಸರು ಒಳಗೆಲ್ಲೂ ಇಲ್ಲ, ನಾನೂ ಹಾಕಲ್ಲ. ಬರ್ದೋರ ಹೆಸರೂ ಇಲ್ಲ, ಕಾಫಿ ಹೂ, ಕಿತ್ತಳೆ, ಏಲಕ್ಕಿ, ಜಿಗಣೆ ಅಂತ ಹೆಸರು ಇಟ್ಕೊಂಡಿದಾರೆ. ಜಿಗಣೆ ಯಾರೋ ಏನೋ, ಆದ್ರೆ ಇಡೀ ಪುಸ್ತಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರ್ದಿರೋದು ಅವಳೇ (ಅಥವಾ ಅವನೇ), ಹೆಸರಿಗೆ ತಕ್ಕಂಗೆ, ಕಚ್ಚಿದ್ದು ಗೊತ್ತಾಗಲ್ಲ, ಮನೆಗೆ ಬಂದು ಕಾಲು ನೋಡ್ಕೊಂಡಾಗಲೇ ಗೊತ್ತಾಗೋದು.

ಮೊದ್ಲು ಸಾಮಾನು ಹೇಗಿದೆ ಅಂತ ಹೇಳ್ಬಿಡ್ತೀನಿ. ನಾಲ್ಕು ಎ4 ಹಾಳೆ, ಎರಡೂ ಕಡೆ ಜೆರಾಕ್ಸ್, ಮಧ್ಯಕ್ಕೆ ಮಡಚಿ ಬೆನ್ನಿಗೆ ಎರಡು ಸ್ಟೇಪ್ಲರ್ ಪಿನ್ನು, ಒಟ್ಟು 16 ಪುಟ. ಪೂರ್ತಿ ಕೈಬರಹ, ಟೈಪಿಂಗ್ ಎಲ್ಲೂ ಇಲ್ಲ. ಒಂದು ಸೈಡಿಗೆ 2 ರೂಪಾಯಿ ಅಂದ್ರೂ ಎಂಟು ಸೈಡಿಗೆ 16 ಆಯ್ತು, 20ಕ್ಕೆ ಮಾರಿದ್ರೆ ಉಳಿಯೋದು 4 ರೂಪಾಯಿ, ಪಿನ್ನು ಪೆನ್ನು ಅದ್ರಲ್ಲೇ, ಹಂಗಾಗಿ ಬೆಲೆ ಬಗ್ಗೆ ಯಾರೂ ಮಾತಾಡೋ ಹಂಗಿಲ್ಲ. ಪುಟ ಜೋಡ್ಸೋದು ಹೇಗೆ ಅಂತ ಕೊನೇ ಪುಟದಲ್ಲಿ ಅವರೇ ಹೇಳ್ಕೊಟ್ಟಿದಾರೆ, ಒಂದನೇ ಪುಟದ ಪಕ್ಕ 16 ಬರ್ಬೇಕು, ಎರಡರ ಪಕ್ಕ 15, ಮೂರರ ಪಕ್ಕ 14, ಹಾಳೆಯ ಯಾವ ಜೋಡಿ ಕೂಡಿದ್ರೂ 17 ಬರ್ಬೇಕು, ಬರ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ. ಇಷ್ಟು ಚೆನ್ನಾಗಿ ಪಾಠ ಮಾಡಿದವರೇ ನನಗೆ ಸಿಕ್ಕಿದ ಕಾಪೀಲಿ ನಡುವಿನ ಹಾಳೆ ಉಲ್ಟಾ ಮಡಚಿಬಿಟ್ಟಿದಾರೆ. 6 ಆದ್ಮೇಲೆ 9, 10 ಬರುತ್ತೆ, ಆಮೇಲೆ 7, 8, ಆಮೇಲೆ 11. ಹಾಕಿ ಲೇಖನದಲ್ಲಿ ಹುಡುಗಿ ಸ್ಟಿಕ್ ಎತ್ತಿದ್ಲು ಅಂತ ಪುಟ ತಿರುಗಿಸಿದ್ರೆ ಪ್ಯಾಡ್ ಇಡೋ ಕಪಾಟಿನ ಕೀಲಿ ವಿಷ್ಯ ಬಂತು, ನಾನು ಇದೇನೋ ಹೊಸ ಸ್ಟೈಲು ಅಂತ ಎರಡು ಸಲ ಓದ್ದೆ. ಬಲಗಡೆ ಮಾರ್ಜಿನ್ ಸಾಲ್ದೆ ಕೆಲವು ಸಾಲಿನ ಕೊನೇ ಅಕ್ಷರ ಹಾರಿ ಹೋಗಿದೆ. ಒತ್ತು ಕೊಡೋದ್ರಲ್ಲಿ ತಪ್ಪು ತುಂಬಾ ಇದೆ, ನನ್ನ ಬರಹದಲ್ಲೂ ಇರುತ್ತೆ, ಬಿಡಿ.

ಮಗಳು ಮಡಿಕೇರಿಲಿ ಬಿಎ ಓದ್ತಾಳೆ, ಅವಳು ನೋಡಿ ಅಪ್ಪಾ ಇದಕ್ಕೆ ಝೀನ್ ಅಂತಾರೆ ಅಂದ್ಲು. ಮ್ಯಾಗಝೀನ್ ಅನ್ನೋದರ ಬಾಲ ಮಾತ್ರ ಇಟ್ಕೊಂಡಿದಾರೆ. ಅಮೆರಿಕದಲ್ಲಿ 1930ರ ಹೊತ್ತಿಗೇ ವಿಜ್ಞಾನದ ಕಥೆ ಹುಚ್ಚಿನವರು ತಾವೇ ಅಚ್ಚು ಹಾಕ್ಕೊಂಡು ಹಂಚ್ತಿದ್ರಂತೆ, 1991ರ ಸುಮಾರಿಗೆ ಅಲ್ಲಿ ಒಲಿಂಪಿಯಾ ಅನ್ನೋ ಊರಿನ ಕಡೆ ಬ್ಯಾಂಡ್ ಕಟ್ಟಿದ್ದ ಹುಡುಗೀರು ಜೆರಾಕ್ಸ್ ಮಾಡಿ ತಮಗೆ ಆಗೋ ಅವಮಾನ, ಕಿರುಕುಳ ಎಲ್ಲ ಬರ್ದು ಹಂಚೋಕೆ ಶುರು ಮಾಡಿದ್ರಂತೆ. ಒಂದೇ ಎ4 ಹಾಳೆ ಮಡಚಿ ಮಧ್ಯದಲ್ಲಿ ಒಂದೇ ಒಂದು ಕತ್ತರಿ ಹಾಕಿದ್ರೆ ಎಂಟು ಪುಟದ ಪುಟ್ಟ ಪುಸ್ತಕ ಆಗುತ್ತೆ, ಪಿನ್ನೂ ಬೇಡ, ಅದನ್ನ ನನ್ನ ಮುಂದೇನೇ ಹಾಲಿನ ಬಿಲ್ಲಿನ ಹಿಂದೆ ಮಾಡಿ ತೋರ್ಸಿದ್ಲು. ಅಷ್ಟು ದೂರ ಯಾಕೆ ಹೋಗ್ಬೇಕು, ನಮ್ಮ ನಂಜನಗೂಡು ತಿರುಮಲಾಂಬ ಅವರು ಚಿಕ್ಕ ವಯಸ್ಸಲ್ಲೇ ಗಂಡನ್ನ ಕಳ್ಕೊಂಡು ಮನೇಲೇ ಓದ್ಕೊಂಡು 1913ರಲ್ಲಿ ಸತೀಹಿತೈಷಿಣಿ ಅಂತ ಗ್ರಂಥಮಾಲೆ ಶುರು ಮಾಡಿ ಬರ್ಯೋದು, ಪ್ರಕಟ ಮಾಡೋದು ಎಲ್ಲಾ ತಾವೇ ಮಾಡಿದ್ರಲ್ಲ, ಆಮೇಲೆ ಪತ್ರಿಕೆನೂ ತಂದ್ರಲ್ಲ ಅಂತ ಅವಳೇ ಹೇಳಿದ್ಲು. ಫೀಸ್ ಕಟ್ಟಿದ್ದು ವೇಸ್ಟ್ ಆಗಿಲ್ಲ.

ಒಳಗಡೆ ಮೊದಲ ಐಟಮ್ಮೇ ಈ ಪುಸ್ತಕದ ಜೀವ. ಜಿಗಣೆ ಒಂದು ವಾರ ಡೈರಿ ಇಟ್ಟಿದಾಳೆ, ಟೀಚರ್‌ಗಳು ಯಾವ ಕೆಲಸಕ್ಕೆ ಯಾರನ್ನ ಕರೆದ್ರು ಅಂತ. ಹೀಗಿದೆ ನೋಡಿ.

"ಸೋಮವಾರ: ಸ್ಟಾಫ್‌ರೂಮಿನ ಚಾ ಲೋಟ ತೊಳ್ಯೋಕೆ ಹುಡುಗೀರು ಇಬ್ರು. ಮಂಗಳವಾರ: ಬೆಂಚ್ ಎತ್ತೋಕೆ ಗಟ್ಟಿ ಹುಡುಗ್ರು ನಾಲ್ಕು ಜನ. ಬುಧವಾರ: ಗೆಸ್ಟ್ ಬರ್ತಾರೆ, ಆರತಿ ತಟ್ಟೆ ಹಿಡ್ಯೋಕೆ ಉದ್ದ ಜಡೆಯವರು ಮೂರು ಜನ. ಗುರುವಾರ: ಮೈಕ್ ಸೆಟ್ಟಿಗೆ ಹುಡುಗ್ರು, ಮೈಕ್ ಮುಂದೆ ಪ್ರಾರ್ಥನೆ ಹಾಡೋಕೆ ಹುಡುಗೀರು. ಶುಕ್ರವಾರ: ಮಳೆಗೆ ಡೀಸಿ ರಜ ಕೊಟ್ರು, ಯಾರಿಗೂ ಪಾಳಿ ಇಲ್ಲ. ಶನಿವಾರ: ಕ್ಲಾಸ್ ಗುಡ್ಸೋಕೆ, ಕೇಳ್ಬೇಡಿ."

ಇಷ್ಟೇ. ಕೆಳಗೆ ಸಮಾನತೆ, ಶೋಷಣೆ ಅಂತ ಒಂದು ಮಾತಿಲ್ಲ. ಉದ್ದ ಜಡೆಯವರು ಅನ್ನೋ ಹತ್ರ ನಮ್ಮನೆಯವಳು ನಗೋಕೆ ಶುರು ಮಾಡಿದವಳು ನಿಲ್ಲಿಸ್ಲೇ ಇಲ್ಲ, ಅವಳು ಓದೋವಾಗ ಎಮ್ಮೆಲ್ಲೆ ಬಂದ್ರೆ ಸಾಕು ಇವಳನ್ನ ಗೇಟಲ್ಲಿ ಬಿಸಿಲಿಗೆ ನಿಲ್ಲಿಸ್ತಿದ್ರಂತೆ, ಹತ್ತನೇ ಕ್ಲಾಸಲ್ಲಿ ಬೇಕಂತಲೇ ಜಡೆ ಕತ್ತರಿಸ್ಕೊಂಡ್ಳಂತೆ, ಮದುವೆ ಆಗಿ ಇಷ್ಟು ವರ್ಷ ಆದ್ಮೇಲೆ ಇದು ನನಗೆ ಹೊಸ ವಿಷ್ಯ. ನನ್ನ ಕಥೆ ಹೇಳೋದಾದ್ರೆ ಹೈಸ್ಕೂಲು ಮೂರು ವರ್ಷ ನಾನು ಬೆಲ್ ಹೊಡಿಯೋನು. ಶನಿವಾರ ಬೆಂಚ್ ಪಕ್ಕಕ್ಕೆ ಎಳೆದು ಐದು ನಿಮಿಷಕ್ಕೆ ನಮ್ಮ ಕೆಲಸ ಮುಗೀತಿತ್ತು, ಆಮೇಲೆ ಗ್ರೌಂಡು, ಹುಡುಗೀರು ನೀರು ಹೊತ್ತು ಗುಡ್ಸಿ ಒರ್ಸಿ ಮುಗ್ಸೋದಕ್ಕೆ ಬಸ್ಸು ಹೋಗ್ತಿತ್ತು. ಒಂದು ಸಲ ನಮ್ಮ ಕ್ಲಾಸಿನ ಒಬ್ಳು ಇವರೂ ಗುಡ್ಸ್ಲಿ ಸರ್ ಅಂದಿದ್ದಕ್ಕೆ ಸರ್ ಬೈದ್ರು, ನಾವು ಹಿಂದಿನ ಬೆಂಚಲ್ಲಿ ಕೂತು ನಕ್ಕಿದ್ವಿ. ಯಾವತ್ತೂ ನೆನಪಾಗದೆ ಇದ್ದದ್ದು ಆ ಕರೆಂಟ್ ಇಲ್ಲದ ಅಂಗಡೀಲಿ ನೆನಪಾಯ್ತು.

ಹಾಕಿ ಲೇಖನ (ಸರಿಯಾದ ಆರ್ಡರಲ್ಲಿ ಓದ್ಕೊಂಡ್ರೆ) ಎರಡನೇ ಒಳ್ಳೇ ಐಟಮ್ಮು. ನಮ್ಮ ಜಿಲ್ಲೆ ಹಾಕಿ ತೊಟ್ಟಿಲು ಅಂತ ಎಲ್ಲಿ ನೋಡಿದ್ರೂ ಬೋರ್ಡ್ ಹಾಕ್ತೀವಿ. ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡ ಅನ್ನೋ ಊರಲ್ಲಿ ಶುರುವಾಗಿದ್ದು, 2025ರಲ್ಲಿ ಮಡಿಕೇರಿಲಿ ನಡೆದಾಗ 396 ಕುಟುಂಬದ ಟೀಮ್ ಇತ್ತು, ಅದ್ರಲ್ಲಿ ಹೆಂಗಸರು ಗಂಡಸರ ಜೊತೆ ಒಂದೇ ಟೀಮಲ್ಲಿ ಆಡೋದು ಹೊಸದೇನಲ್ಲ. ಈ ಹುಡುಗಿ ಏಪ್ರಿಲಲ್ಲಿ ತನ್ನ ಒಕ್ಕದ (ಅಂದ್ರೆ ಮನೆತನದ) ಟೀಮಲ್ಲಿ ದೊಡ್ಡಪ್ಪ, ಅಣ್ಣಂದಿರ ಜೊತೆ ರೈಟ್ ಹಾಫ್ ಆಡಿದಾಳೆ. ಎದುರು ಟೀಮಿನ ಒಬ್ಬ ದಡಿಯನ ಕಾಲಿನ ಸಂದಿಂದ ಬಾಲ್ ತೆಗ್ದಿದ್ದನ್ನ ಅರ್ಧ ಪುಟ ಬರ್ದಿದಾಳೆ, ಕೆಸರು ಇರ್ಲಿಲ್ಲ ಧೂಳಿತ್ತು, ಬಾಲ್ ಸ್ಟಿಕ್ಕಿಗೆ ತಾಗಿದ ಸೌಂಡ್ ಬೇರೇನೇ ಇತ್ತು ಅಂತ, ಓದ್ತಾ ಓದ್ತಾ ನಾನೂ ಕಾಲು ಆಡ್ಸಿದೆ. ಜೂನಲ್ಲಿ ಶಾಲೆ ಶುರು ಆಯ್ತು, ಪೀಟಿ ಪೀರಿಯಡ್ಡಲ್ಲಿ ಸ್ಟಿಕ್ ಎಲ್ಲಾ ಹುಡುಗ್ರಿಗೆ, ಹುಡುಗೀರಿಗೆ ಬಾವಿ ಪಕ್ಕದ ಮೂಲೇಲಿ ಥ್ರೋಬಾಲ್. ಕೇಳಿದ್ದಕ್ಕೆ ಹುಡುಗ್ರ ಮಧ್ಯ ಆಡಿ ಪೆಟ್ಟಾದ್ರೆ ಯಾರಮ್ಮ ಜವಾಬ್ದಾರಿ ಅಂದ್ರಂತೆ. ಅವಳ ಕೊನೇ ಸಾಲು: "ನನಗೆ ಪೆಟ್ಟಾಗಿದ್ದು ಒಂದೇ ಸಲ, ಥ್ರೋಬಾಲ್ ತರೋಕೆ ಬಾವಿ ಕಟ್ಟೆ ಹತ್ತಿದಾಗ."

ಗುಂಡು ಹಾರ್ಸೋ ಪುಟಕ್ಕೆ ನಮ್ಮ ಜನ ಸ್ವಲ್ಪ ಬೇಜಾರು ಮಾಡ್ಕೋಬಹುದು, ಆದ್ರೂ ಹೇಳ್ತೀನಿ. ಕೊಡವರ ಮನೇಲಿ ಗಂಡು ಮಗು ಹುಟ್ಟಿದ್ರೆ ಗಾಳಿಗೆ ಒಂದು ಗುಂಡು ಹಾರ್ಸೋದು ಹಿಂದಿನಿಂದ ಬಂದ ಪದ್ಧತಿ, ಮಗು ಕೈಗೆ ಪುಟ್ಟ ಬಿಲ್ಲು ಬಾಣ ಮುಟ್ಸೋದೂ ಉಂಟು. ಒಬ್ಳು ಹುಡುಗಿ ಐನ್‌ಮನೆಗೆ (ಮನೆತನದ ಮೂಲ ಮನೆಗೆ) ಹೋಗಿ ಅಜ್ಜಿ ಹತ್ರ ಕೇಳಿದಾಳೆ, ನಾನು ಹುಟ್ಟಿದಾಗ ಗುಂಡು ಹೊಡೆದ್ರಾ ಅಂತ. ಅಜ್ಜಿ ಎಲೆ ಅಡಿಕೆ ಹಾಕ್ಕೊಂಡು, ನೀನು ಹುಟ್ಟಿದ ದಿನ ಎಂತ ಮಳೆ ಗೊತ್ತುಂಟಾ, ಹೊಡೆದಿದ್ರೂ ಯಾರಿಗೂ ಕೇಳ್ತಿರ್ಲಿಲ್ಲ ಅಂದ್ರಂತೆ. ಅದರ ಕೆಳಗೆ ಒಂದೇ ಸಾಲು: "ನಾನು ಹುಟ್ಟಿದ್ದು ಜನವರಿಲಿ."

ಇದನ್ನ ಶಾಲೆ ವಿಷ್ಯಕ್ಕೆ ಯಾಕೆ ಸೇರ್ಸಿದ್ರು ಅಂತ ನನ್ನ ಭಾವ ಕೇಳ್ದ. ಗೊತ್ತಿಲ್ಲಪ್ಪ, ಸೇರ್ಸಿದಾರೆ, ಚೆನ್ನಾಗಿದೆ.

ಆನೆ ಕಾರ್ಟೂನ್ ಒಂದಿದೆ. ಸಂಜೆ ಪ್ರಾಕ್ಟೀಸಿಗೆ ಹುಡುಗ್ರು ನಿಲ್ಲಬಹುದು, ಹುಡುಗೀರು ನಾಲ್ಕೂವರೆ ಬಸ್ಸಿಗೇ ಹೋಗ್ಬೇಕು, ದಾರೀಲಿ ಆನೆ ಇದೆ ಅಂತ. ಚಿತ್ರದಲ್ಲಿ ಆನೆ ಕಾಫಿ ತೋಟದ ಬೇಲಿ ಹತ್ರ ಕನ್ನಡಕ ಹಾಕ್ಕೊಂಡು ಆಧಾರ್ ಕಾರ್ಡ್ ಚೆಕ್ ಮಾಡ್ತಾ ಇದೆ, "ಗಂಡಾ? ಹೋಗಪ್ಪ ಹೋಗು." ನಕ್ಕೆ. ಆದ್ರೆ ತಿತಿಮತಿ, ಸಿದ್ದಾಪುರ, ಮಾಲ್ದಾರೆ ಕಡೆಯವರಿಗೆ ಇದು ನಗೋ ವಿಷ್ಯ ಅಲ್ಲ, ನಾನೇ ಬೈಕ್ ಆಫ್ ಮಾಡಿ ಕತ್ತಲಲ್ಲಿ ಅರ್ಧ ಗಂಟೆ ಉಸಿರು ಹಿಡ್ಕೊಂಡು ನಿಂತಿದೀನಿ. ಆನೆ ಇರೋದು ನಿಜ ಆದ್ರೆ ಎಲ್ಲರನ್ನೂ ಬಸ್ಸು ಹತ್ತಿಸ್ಬೇಕು, ಹುಡುಗ್ರೇನು ಕಬ್ಬಿಣದಲ್ಲಿ ಮಾಡಿದ್ದಾರಾ. ಕಾರ್ಟೂನ್ ಹೇಳೋದೂ ಅದೇ ಇರ್ಬೇಕು.

ಪ್ಯಾಡ್ ಪುಟ ಚಿಕ್ಕದು. ಹುಡುಗೀರಿಗೆ ಪುಕ್ಕಟೆ ಪ್ಯಾಡ್ ಕೊಡೋ ಸರ್ಕಾರದ ಶುಚಿ ಯೋಜನೆ 2013-14ರಲ್ಲಿ ಶುರುವಾಗಿದ್ದು, ನಡುವೆ ನಿಂತು ಮತ್ತೆ ಬಂತು, ಪ್ಯಾಡೇನೋ ಶಾಲೆಗೆ ಬಂದಿದೆ, ಆದ್ರೆ ಕಪಾಟಿನ ಕೀಲಿ ಒಬ್ರು ಗಂಡು ಮೇಷ್ಟ್ರ ಜೇಬಲ್ಲಿ. "ಕೀಲಿ ಬೇಕು ಸರ್" ಅಂದ್ರೆ ಇಡೀ ಕಾರಿಡಾರಿಗೆ ಗೊತ್ತಾಗುತ್ತೆ, ಅದಕ್ಕೆ ಯಾರೂ ಕೇಳಲ್ಲ, ಯಾರೂ ಕೇಳಲ್ಲ ಅಂತ ಡಬ್ಬ ತುಂಬಿ ಇದೆ, ತುಂಬಿ ಇದೆ ಅಂದ್ರೆ ಬೇಡಿಕೆ ಇಲ್ಲ ಅಂತ ರಿಪೋರ್ಟು. ಇದನ್ನ ನಮ್ಮ ಹೆಂಗಸರ ಮುಂದೆ ಓದೋವಾಗ ನಂಗೆ ಗಂಟಲು ಕಟ್ತು, ಮಗಳು ಕೈಯಿಂದ ಕಿತ್ಕೊಂಡು ಅವಳೇ ಓದಿದ್ಲು.

ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ) ಹುಡುಗಿ ಒಬ್ಳು ಬರ್ದಿರೋದು ಇನ್ನೂ ಉದ್ದ ಇರ್ಬೇಕಿತ್ತು. ಕಾಫಿ ಕುಯ್ಲಿನ ಟೈಮಲ್ಲಿ ಅಪ್ಪ ಅಮ್ಮ ಇಬ್ರೂ ತೋಟಕ್ಕೆ ಹೋದ್ರೆ ತಮ್ಮನ್ನ ನೋಡ್ಕೊಳ್ಳೋಕೆ ಇವಳು ಶಾಲೆ ಬಿಡ್ಬೇಕು, ದೊಡ್ಡ ಅಣ್ಣ ಇದಾನೆ ಆದ್ರೆ ಅವನು ಬಿಡಲ್ಲ, ಅವನಿಗೆ ಅಟೆಂಡೆನ್ಸ್ ಬೇಕಂತೆ. ಎಂಟೇ ಸಾಲು. ಜಾಗ ಇರ್ಲಿಲ್ಲ ಅಂತ ಕಾಣುತ್ತೆ, ಯಾಕಂದ್ರೆ ಪಕ್ಕದಲ್ಲಿ "ಮಹಿಳೆ ಮತ್ತು ಸಮಾಜ" ಅಂತ ಒಂದೂವರೆ ಪುಟ ಭಾಷಣ ಬಂದು ಕೂತಿದೆ. ಹೆಣ್ಣು ತಾಯಿಯಾಗಿ ಅಕ್ಕನಾಗಿ ಮಡದಿಯಾಗಿ ಅಂತ ಶುರುವಾಗಿ ಬಾಹ್ಯಾಕಾಶಕ್ಕೆ ಹೋಗಿ ಮುಗಿಯುತ್ತೆ. ಮಾರ್ಚ್ 8ಕ್ಕೆ ಯಾರೋ ದೊಡ್ಡೋರು ಬರ್ದುಕೊಟ್ಟಿದ್ದನ್ನ ಹಂಗೇ ಇಳ್ಸಿದಾರೆ, ಕಣ್ಣಾರೆ ನೋಡಿದ್ದು ಒಂದೂ ಇಲ್ಲ ಅದ್ರಲ್ಲಿ. ಮುಂದಿನ ಸಲ ದಯವಿಟ್ಟು ಆ ಭಾಷಣ ತೆಗ್ದು ಈ ಹುಡುಗಿಗೆ ಜಾಗ ಕೊಡಿ. ನನ್ನ ದೊಡ್ಡ ಕಂಪ್ಲೇಂಟ್ ಇದೊಂದೇ.

ಇನ್ನೊಂದು ಸಣ್ಣ ಕಂಪ್ಲೇಂಟು, 13ನೇ ಪುಟದಲ್ಲಿ ಒಬ್ರು ಮೇಷ್ಟ್ರ ಮೀಸೆ ಬಿಡಿಸಿ ಗೇಲಿ ಮಾಡಿದಾರೆ. ಹೆಸರಿಲ್ಲ, ಆದ್ರೆ ಊರಲ್ಲಿ ಎಲ್ಲರಿಗೂ ಆ ಮೀಸೆ ಗೊತ್ತು. ಅವರು ಮಾಡಿದ ತಪ್ಪೇನು ಅಂತ ಬರ್ದಿದ್ರೆ ಸರಿ, ಮೀಸೆ ಏನು ಮಾಡ್ತು ಪಾಪ. ಜಿಗಣೆ ಹಂಗೆ ಮಾಡಲ್ಲ ನೋಡಿ, ಅವಳು ಯಾರ ಮುಖಾನೂ ಬಿಡಿಸಿಲ್ಲ, ಲೋಟ ಎಣಿಸಿದಾಳೆ ಅಷ್ಟೇ.

ಕೊಡಗಿನ ಗೌರಮ್ಮ ಬಗ್ಗೆ ಒಂದು ಪುಟ ಇದೆ. 1912ರಲ್ಲಿ ಹುಟ್ಟಿದ್ದು, ಸಣ್ಣಕಥೆ ಬರೀತಿದ್ರು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮನೆಗೂ ಬರ್ಲೇಬೇಕು ಅಂತ ಉಪವಾಸ ಕೂತು ಕರೆಸ್ಕೊಂಡು ಮೈಮೇಲಿನ ಒಡವೆ ಹರಿಜನ ನಿಧಿಗೆ ಕೊಟ್ಟಿದ್ದು, 1939ರಲ್ಲಿ ಈಜೋಕೆ ಹೋಗಿ 27 ವರ್ಷಕ್ಕೇ ತೀರಿಕೊಂಡಿದ್ದು. ಇಷ್ಟು ನಂಗೂ ಗೊತ್ತಿತ್ತು. ಆದ್ರೆ ಅವರು ಕಥೆಗೆ ಶ್ರೀಮತಿ ಬಿ.ಟಿ.ಜಿ. ಕೃಷ್ಣ ಅಂತ ಗಂಡನ ಹೆಸರು ಹಾಕ್ಕೊಳ್ತಿದ್ರು ಅನ್ನೋದನ್ನ ಹಿಡ್ಕೊಂಡು, ನಾವು ಹಣ್ಣಿನ ಹೆಸರು ಇಟ್ಕೊಂಡಿದೀವಿ ಅಂತ ಬರ್ದಿದೆ ಹುಡುಗಿ. ಅವರು ಟೆನಿಸ್ ಆಡ್ತಿದ್ರು, ಈಜ್ತಿದ್ರು, ತೊಂಬತ್ತು ವರ್ಷದ ಹಿಂದೆ, ನಮಗೆ ಯಾಕೆ ಥ್ರೋಬಾಲ್ ಅಂತ ಮತ್ತೆ ಅಲ್ಲಿಗೇ ಬಂದು ನಿಂತಿದಾಳೆ. ಹಾಕಿ ಹುಡುಗೀನೇ ಬರ್ದಿರೋದು ಅಂತ ನನ್ನ ಅನುಮಾನ, ಅಕ್ಷರ ಒಂದೇ ತರ ಇದೆ. ಹುಡುಗನೊಬ್ಬ ತನಗೆ ರಂಗೋಲಿ ಸ್ಪರ್ಧೆಗೆ ಹೆಸರು ಕೊಡೋಕೆ ಬಿಡ್ಲಿಲ್ಲ ಅಂತ ಬರ್ದಿದಾನೆ, ಪಕ್ಕದಲ್ಲಿ ಅವನೇ ಹಾಕಿದ ರಂಗೋಲಿ, 15 ಚುಕ್ಕಿಯಿಂದ 8ಕ್ಕೆ ಇಳಿದಿರೋದು, ಒಂದು ಗೆರೆ ಆಚೆ ಈಚೆ ಇಲ್ಲ. ನಮ್ಮನೆಯವಳು ಅದನ್ನ ನೋಡ್ಕೊಂಡು ಅಂಗಳದಲ್ಲಿ ಹಾಕಿದ್ಲು, ಹತ್ತು ನಿಮಿಷಕ್ಕೆ ಮಳೆ ತಗೊಂಡು ಹೋಯ್ತು.

ಇನ್ನು ಅಂಗಡಿ. ಅದಕ್ಕೂ ಮಾರ್ಕ್ಸ್ ಕೊಡ್ಬೇಕು, ಯಾಕಂದ್ರೆ ಶಾಲೆ ಗೇಟೊಳಗೆ ಮಾರೋಕೆ ಬಿಟ್ಟಿಲ್ಲ, ಪರ್ಮಿಷನ್ ತಗೊಂಡಿಲ್ಲ ಅಂತ. ಪರ್ಮಿಷನ್ ಕೇಳಿದ್ರೆ ಮೊದ್ಲು ತೋರ್ಸಿ ಅಂತಾರೆ, ತೋರ್ಸಿದ್ರೆ ಯಾವ ಪುಟ ಉಳಿಯುತ್ತೆ ನೀವೇ ಹೇಳಿ. ಅಂಗಡಿಯವನು ಕೌಂಟರಲ್ಲಿ ಜಾಗ ಕೊಟ್ಟಿದಾನೆ, ಕಮಿಷನ್ ತಗೊಳ್ಳಲ್ಲ, ಪಿನ್ ಹೊಡಿಯೋಕೆ ಉದ್ದ ಸ್ಟೇಪ್ಲರ್ ಎಲ್ಲಿಂದಲೋ ಹುಡುಕಿ ತಂದಿದಾನೆ. ಆದ್ರೆ ಟೋನರ್ ವಿಷ್ಯದಲ್ಲಿ ಜಿಪುಣ, ನಾಲ್ಕೈದು ಪುಟ ಬೂದಿ ಬಣ್ಣ ಬಂದಿದೆ. ನನ್ನ ಪಹಣೀನೂ ಹಂಗೇ ಬಂತು, ಸರ್ವೆ ನಂಬರ್ ಓದೋಕೆ ಆಗಲ್ಲ, ವಾಪಸ್ ಹೋಗಿ ಇನ್ನೊಂದು ತೆಗೆಸ್ಬೇಕಾಯ್ತು. ಅಂಗಡಿಗೆ ಐದಕ್ಕೆ ಮೂರೂವರೆ, ಮ್ಯಾಗಝೀನಿಗೆ ನಾಲ್ಕು. ಆ ಭಾಷಣ ಇಲ್ದಿದ್ರೆ ನಾಲ್ಕೂವರೆ ಕೊಡ್ತಿದ್ದೆ.

ಓದಿದ ಮೇಲೆ ಶಾಲೇಲಿ ಏನಾಯ್ತು ಅಂತ ಕೇಳ್ದೆ. ಗುಡ್ಸೋ ಪಾಳಿ ಪಟ್ಟಿ ಗೋಡೆಗೆ ಅಂಟ್ಸಿದಾರಂತೆ, ರೋಲ್ ನಂಬರ್ ಪ್ರಕಾರ, ಹುಡುಗ ಹುಡುಗಿ ಅಂತಿಲ್ಲ. ಆದ್ರೆ ಹುಡುಗ್ರ ಪಾಳಿ ಬಂದ ದಿನ ಪೊರಕೆನೇ ಕಾಣೆಯಾಗುತ್ತಂತೆ. ಹಾಕಿ ಸ್ಟಿಕ್ ವಿಷ್ಯ ಇನ್ನೂ ಹಂಗೇ ಇದೆ.

ಕುಶಾಲನಗರದ ತಂಗಿಗೆ ಒಂದು ಕಾಪಿ ಬೇಕು ಅಂತ ಮುಂದಿನ ವಾರ ಮತ್ತೆ ಹೋದೆ. ಹಾರ್ಲಿಕ್ಸ್ ಬಾಟ್ಲಿ ಇತ್ತು, ಕಟ್ಟು ಖಾಲಿ. ಎರಡನೇ ಸಲ ಪ್ರಿಂಟ್ ಹಾಕೋಕೆ ಹುಡುಗೀರು ದುಡ್ಡು ಕೊಟ್ಟು ಹೋಗಿದಾರೆ ಆದ್ರೆ ಪೇಪರ್ ಥಂಡಿ ಹಿಡಿದು ಮಷೀನ್ ನುಂಗ್ತಾ ಇದೆ ಅಂತ ಅಂಗಡಿಯವನು ತೋರ್ಸಿದ, ಬುಟ್ಟಿ ತುಂಬ ಮುದ್ದೆಯಾದ ಹಾಳೆ, ಮೇಲಿಂದ ಒಂದರಲ್ಲಿ ಅರ್ಧ ಪೊರಕೆ ಕಾಣ್ತಿತ್ತು. ಹೊಸ ಬಂಡಲನ್ನ ಬಿಚ್ಚಿ ನೂರು ವ್ಯಾಟ್ ಬಲ್ಬಿನ ಕೆಳಗೆ ಒಣಗೋಕೆ ಇಟ್ಟಿದ್ದ. ಎರಡು ದಿನ ಬಿಸಿಲು ಬಂದ್ರೆ ಆಗುತ್ತೆ ಅಣ್ಣ, ಫೋನ್ ಮಾಡಿ ಬನ್ನಿ ಅಂದ. 20 ರೂಪಾಯಿ ಬಾಟ್ಲಿಗೆ ಹಾಕಿ ಬಂದಿದೀನಿ, ಬಿಸಿಲು ಇನ್ನೂ ಬಂದಿಲ್ಲ.